ಮೇ ಹತ್ತೊಂಬತ್ತರೊಳಗೆ

ಫರ್ವಾನಿಯಾ, ಕುವೈತ್
ನವೆಂಬರ್ 28, ಶುಕ್ರವಾರ

ಪುಟ್ಟೀ,

ನೀನು ಮೈಸೂರಿನ ಕೋಚಿಂಗ್ ಹಾಸ್ಟೆಲಿಗೆ ಹೊರಟು ಇವತ್ತಿಗೆ ಎಂಟು ದಿನ. ಅಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ, ಭಾನುವಾರ ವಾರ್ಡನ್ ಫೋನಿನಲ್ಲಿ ಐದೇ ನಿಮಿಷ ಎಂಬ ನಿಯಮದ ರುಚಿ ಮೊನ್ನೆ ನೋಡಿದೆ. ಐದರಲ್ಲಿ ನಾಲ್ಕೂವರೆ ನಿಮಿಷ ನಿನ್ನಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡೆಯಾ, ಸಾರಿಗೆ ಉಪ್ಪಿತ್ತಾ ಎಂದು ವಿಚಾರಣೆ ನಡೆಸಿದಳು. ಮಿಕ್ಕ ಅರ್ಧ ನಿಮಿಷದಲ್ಲಿ ನಾನು "ಹ್ಞೂಂ, ಮತ್ತೆ?" ಎಂದೆ, ನೀನು "ಏನಿಲ್ಲ ಅಪ್ಪ" ಎಂದೆ, ಅಷ್ಟಕ್ಕೆ ಲೈನ್ ಹೋಯಿತು. ಆದ್ದರಿಂದ ಕಾಗದ. ಅಂಚೆಗೆ ಹಾಕಿದರೆ ಮೂರು ವಾರ ಬೇಕು, ಹಾಗಾಗಿ ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತೇನೆ. ಇದನ್ನು ಎದುರು ಮನೆ ಕ್ಲಾರಾ ಆಂಟಿಯ ಮಗ ನೈಜೆಲ್ ಮಂಗಳೂರಿಗೆ ಒಯ್ದು, ಅಲ್ಲಿಂದ ನಿನಗೆ ಕೊರಿಯರ್ ಮಾಡುತ್ತಾನೆ. ನೀನೂ ಬರುವವರ ಕೈಯಲ್ಲಿ ಕಳಿಸು. ಕನ್ನಡದಲ್ಲೇ ಬರೆಯಬೇಕು. ಎಂಟು ವರ್ಷ ಶುಕ್ರವಾರದ ಕನ್ನಡ ಕ್ಲಾಸಿನಲ್ಲಿ ನಾನು ಬೋರ್ಡಿನ ಮುಂದೆ ಗಂಟಲು ಹರಿದುಕೊಂಡದ್ದು ದಂಡವಾಗಬಾರದು.

ಅಡುಗೆಮನೆಯ ಗೋಡೆಗೆ ಹೊಸ ಕ್ಯಾಲೆಂಡರ್ ಹಾಕಿದ್ದೇನೆ. ರಾಯ್ ಬಡಾವಣೆಯ ಶೋರೂಮಿನಲ್ಲಿ ಇಪ್ಪತ್ತೆರಡು ವರ್ಷ ಕೂತು, ಯಾವ ಎಸಿ ಕಂಪ್ರೆಸರ್ ಯಾವ ದಿನ ಯಾರ ಮನೆ ತಲುಪಬೇಕು ಎಂದು ಗೊತ್ತುಮಾಡಿದವನಿಗೆ ಮಗಳ ಆರು ತಿಂಗಳು ಗೊತ್ತುಮಾಡುವುದು ಏನು ಮಹಾ. ಮೇ 3, ಭಾನುವಾರ, ಮೈಸೂರಿನಲ್ಲಿ ಮೆಡಿಕಲ್ ಎಂಟ್ರೆನ್ಸ್. ಮೇ 6ಕ್ಕೆ ನೀನು ವಿಮಾನ ಹತ್ತುತ್ತೀಯ. ಟಿಕೆಟ್ ಈಗಲೇ ಮಾಡಿಸಿದ್ದೇನೆ, ಪ್ರಿಂಟ್ ನಿನ್ನ ಹಸಿರು ಫೈಲಿನಲ್ಲಿದೆ. ಮೇ 19, ಕೆಂಪು ಶಾಯಿಯಲ್ಲಿ, ನೀನು ಕುವೈತ್ ಬಿಟ್ಟು ಆರು ತಿಂಗಳು ತುಂಬುವ ದಿನ. ಅದರೊಳಗೆ ನೀನು ಇಲ್ಲಿ ಇಳಿಯದಿದ್ದರೆ ನಿನ್ನ ಇಕಾಮಾ, ಇಲ್ಲಿ ವಾಸಿಸುವ ಪರವಾನಗಿ, ತಾನಾಗಿಯೇ ಸತ್ತುಹೋಗುತ್ತದೆ. ಆಮೇಲೆ ಹುಟ್ಟಿ ಬೆಳೆದ ಮನೆಗೆ ಬರಲು ವಿಸಿಟ್ ವೀಸಾ ಕೇಳಬೇಕು.

ಜೂನ್‌ನಲ್ಲಿ ಫಲಿತಾಂಶ, ಅದರ ಬೆನ್ನಿಗೇ ಸೀಟಿನ ಅರ್ಜಿ. ಮೆರಿಟ್‌ನಲ್ಲಿ ಸಿಕ್ಕರೆ ಸಂತೋಷ. ಸಿಗದಿದ್ದರೆ, ನಮ್ಮಂತೆ ಹೊರದೇಶದಲ್ಲಿ ದುಡಿಯುವವರ ಮಕ್ಕಳಿಗೆಂದೇ ಇಟ್ಟಿರುವ ಎನ್‌ಆರ್‌ಐ ಸೀಟು ಇದೆ. ಅದಕ್ಕೆ ಅರ್ಜಿ ಹಾಕುವ ದಿನ ನನ್ನ ಇಕಾಮಾ, ಕಂಪನಿಯ ಪತ್ರ ಎಲ್ಲಕ್ಕೂ ಜೀವ ಇರಬೇಕು, ಇರುತ್ತದೆ. ಹೋದ ಸಲ ಇಪ್ಪತ್ತೆಂಟು ಅಂಕಕ್ಕೆ ತಪ್ಪಿಹೋಯಿತೆಂದು ನೀನು ಎರಡು ದಿನ ಬಾಗಿಲು ಹಾಕಿಕೊಂಡು ಕೂತಿದ್ದೆಯಲ್ಲ, ಈ ಸಲ ಹಾಗಾಗಲು ನಾನು ಬಿಡುವುದಿಲ್ಲ. ನೀನು ಓದು, ದಿನಾಂಕಗಳನ್ನು ನನಗೆ ಬಿಡು.

ನಿನ್ನ
ಅಪ್ಪ


ಮೈಸೂರು
ಡಿಸೆಂಬರ್ 14, ಭಾನುವಾರ

ಅಪ್ಪಾ,

ನಿಮ್ಮ ಕಾಗದವನ್ನು ನನಗಿಂತ ಮೊದಲು ವಾರ್ಡನ್ ರಶೀನಾ ಮೇಡಂ ನೋಡಿದರು. ಲಕೋಟೆಯೊಳಗೆ ಸಿಮ್ ಕಾರ್ಡ್ ಇದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದರು. ನಾಲ್ಕೂ ಮುಕ್ಕಾಲಿಗೆ ಗಂಟೆ ಹೊಡೆಯುತ್ತಾರೆ. ಐದೂವರೆಗೆ ಫಿಸಿಕ್ಸ್. ಸಾರಿಗೆ ಉಪ್ಪಿದೆ, ಬೇರೇನೂ ಇಲ್ಲ ಎಂದು ಅಮ್ಮನಿಗೆ ಹೇಳಿ.

ನನ್ನ ರೂಮಿನವಳು ಹಾಸನದ ಅಲಿಶಾ. ಮೊದಲ ದಿನ "ನಿಮ್ಮೂರ್ ಯಾವ್ದು?" ಎಂದು ಕೇಳಿದಳು. ಫರ್ವಾನಿಯಾ ಎಂದೆ. "ಅದಲ್ಲ ಕಣೇ, ನಿಜವಾದ್ ಊರು?" ಎಂದಳು. ನಾನು ಮಾತಾಡಿದರೆ ವಾರ್ತೆ ಓದಿದ ಹಾಗಿರುತ್ತದೆ ಎಂದು ಇಲ್ಲಿ ಎಲ್ಲರೂ ನಗುತ್ತಾರೆ, ಅದು ನಿಮ್ಮ ಬೋರ್ಡಿನ ಪುಣ್ಯ. ಎಸಿಯ ಸದ್ದಿಲ್ಲದೆ, ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಲ್ಲದೆ ಮೊದಲ ವಾರ ನಿದ್ದೆಯೇ ಬರಲಿಲ್ಲ. ಮನೆ ನೆನಪಾಗುತ್ತದೆ ಅಪ್ಪಾ, ತುಂಬಾ.

ಎರಡು ಕೋರಿಕೆ. ಪ್ರತಿ ಭಾನುವಾರ ನಿಮ್ಮ ಅರ್ಧ ನಿಮಿಷವನ್ನು ಮೇ 19ಕ್ಕೆ ಖರ್ಚು ಮಾಡಬೇಡಿ, ನನಗೆ ಬಾಯಿಪಾಠವಾಗಿದೆ. ಎನ್‌ಆರ್‌ಐ ಸೀಟಿನ ಮಾತನ್ನೂ ಎತ್ತಬೇಡಿ. ಅದನ್ನು ಕೇಳಿದಾಗಲೆಲ್ಲ, ನಾನು ಫೇಲಾಗುವುದಕ್ಕೂ ನೀವು ಕ್ಯಾಲೆಂಡರಿನಲ್ಲಿ ಒಂದು ಜಾಗ ಬಿಟ್ಟಿದ್ದೀರಿ ಎನ್ನಿಸುತ್ತದೆ.

ಶ್ರಾವಣಿ


ಫರ್ವಾನಿಯಾ
ಫೆಬ್ರವರಿ 13, ಶುಕ್ರವಾರ

ಪುಟ್ಟೀ,

ಪರೀಕ್ಷೆಯ ಅರ್ಜಿ ಹೋಯಿತಲ್ಲ, ಒಂದು ಗಂಡಾಂತರ ಕಳೆಯಿತು. ನೀನು ಹಾಸ್ಟೆಲ್ ಆಫೀಸಿನ ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದು, ಒಟಿಪಿ ಮಾತ್ರ ಇಲ್ಲಿ ನನ್ನ ಫೋನಿಗೆ ಬರುವುದು. ಈ ವ್ಯವಸ್ಥೆ ಮಾಡಿದವನಿಗೆ ಬಹುಮಾನ ಕೊಡಬೇಕು. ಆ ಹೊತ್ತಿಗೆ ನಾನು ಫಿಂಟಾಸ್‌ನಲ್ಲಿ ಒಬ್ಬ ಗಿರಾಕಿಯ ಟೆರೇಸಿನ ಮೇಲಿದ್ದೆ. ಈಗೀಗ ಶೋರೂಮಿನಲ್ಲಿ ಜನ ಕಡಿಮೆ, ಹಾಗಾಗಿ ಫಿಟ್ಟಿಂಗ್ ನೋಡಲೂ ನಾನೇ ಹೋಗುತ್ತೇನೆ. ಒಂದು ಕಡೆ ಫ್ಯಾನು ಗುಯ್‌ಗುಟ್ಟುತ್ತಿದೆ, ಇನ್ನೊಂದು ಕಡೆ ನೀನು "ಬೇಗ ಹೇಳಿ ಅಪ್ಪ, ಎರಡೇ ನಿಮಿಷ ಇರೋದು" ಎಂದು ಕೂಗುತ್ತಿದ್ದೀಯ. ನಾನು ಆರು ಅಂಕಿಯನ್ನು ಮೂರು ಸಲ ಅರಚಿದೆ. ಕೆಳಗೆ ರಸ್ತೆಯಲ್ಲಿದ್ದವರು ತಲೆ ಎತ್ತಿ ನೋಡಿದರು.

ಅರ್ಜಿಯಲ್ಲಿ ಎನ್‌ಆರ್‌ಐ ಎಂದು ಸರಿಯಾಗಿ ಗುರುತು ಹಾಕಿದೆ ತಾನೇ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಲೈನ್ ಕಟ್. ನೀನು ಎತ್ತಬೇಡ ಎಂದ ಮಾತನ್ನೇ ಎತ್ತಿದೆ, ಬೈದುಕೋ. ಆದರೆ ಉತ್ತರ ಬರೆ.

ಮೊಣಕಾಲು ನೋವು ಈಗ ಪರವಾಗಿಲ್ಲ. ನಿನ್ನಮ್ಮ ಕ್ಲಾರಾ ಆಂಟಿಗೆ ದೂರು ಹೇಳಿ, ಅವರು ಆಸ್ಪತ್ರೆಯಿಂದ ಒಂದು ಮುಲಾಮು ತಂದುಕೊಟ್ಟಿದ್ದಾರೆ. ಮೆಟ್ಟಿಲು ಹತ್ತಬೇಡಿ ಎಂದು ಅವರ ಸಲಹೆ. ಎಸಿಗಳನ್ನೆಲ್ಲ ನೆಲಮಾಳಿಗೆಯಲ್ಲೇ ಇಡಿ ಎಂದು ಗಿರಾಕಿಗಳಿಗೆ ಹೇಳಬೇಕಷ್ಟೆ.

ಅಪ್ಪ


ಮೈಸೂರು
ಮಾರ್ಚ್ 8, ಭಾನುವಾರ

ಅಪ್ಪಾ,

ಮೂರು ಮಾಕ್ ಟೆಸ್ಟ್ ಆದವು. ಎರಡರಲ್ಲಿ ಹೋದ ಸಲಕ್ಕಿಂತ ಮೇಲೆ, ಒಂದರಲ್ಲಿ ಕೆಳಗೆ. ಆ ಒಂದನ್ನೇ ಹಿಡಿದುಕೊಂಡು ನಾಲ್ಕು ದಿನ ಒದ್ದಾಡಿದೆ. ಇಲ್ಲಿ ನೂರಿಪ್ಪತ್ತು ಹುಡುಗಿಯರು ಒಂದೇ ಪುಸ್ತಕದ ಒಂದೇ ಪುಟ ಓದುತ್ತಾ, ಪಕ್ಕದವಳು ಎಷ್ಟು ಪುಟ ಮುಂದಿದ್ದಾಳೆಂದು ಓರೆಗಣ್ಣಿನಲ್ಲಿ ನೋಡುತ್ತಿರುತ್ತೇವೆ.

ನನ್ನ ಟೇಬಲ್ ಮೇಲಿನ ಒಂದು ಪೆನ್ನನ್ನೂ ಮುಟ್ಟಬೇಡಿ. ಅಮ್ಮ ಒರೆಸುತ್ತೇನೆಂದರೂ ಬಿಡಬೇಡಿ. ಕಿಟಕಿಯ ಪಕ್ಕ ಆ ಟೇಬಲ್, ಎಡಗಡೆ ಗೋಡೆಗೆ ಅಂಟಿಸಿದ ಮೂಳೆಗಳ ಚಾರ್ಟ್, ಟೇಬಲ್ಲಿನ ಕೆಳಗೆ ನಾನು ಒಂದನೇ ಕ್ಲಾಸಿನಲ್ಲಿ ಗೀಚಿದ ಅ ಆ ಇ ಈ. ಕಣ್ಣು ಮುಚ್ಚಿ ಅದನ್ನೆಲ್ಲ ನೆನಪು ಮಾಡಿಕೊಂಡರೆ ಸ್ವಲ್ಪ ಸಮಾಧಾನವಾಗುತ್ತದೆ. ಮೇ 6ಕ್ಕೆ ಐವತ್ತೊಂಬತ್ತು ದಿನ. ನೋಡಿ, ಈಗ ನಾನೂ ಎಣಿಸಲು ಶುರುಮಾಡಿದ್ದೇನೆ.

ಮುಲಾಮು ಹಚ್ಚಿಕೊಳ್ಳಿ.

ಶ್ರಾವಣಿ


ಫರ್ವಾನಿಯಾ
ಮಾರ್ಚ್ 27, ಶುಕ್ರವಾರ

ಪುಟ್ಟೀ,

ಈದ್ ರಜೆ ಮುಗಿಯಿತು. ಇಲ್ಲಿ ಎಲ್ಲ ಸುಸೂತ್ರ. ಬಿಸಿಲು ಆಗಲೇ ಶುರುವಾಗಿದೆ.

ನಿನ್ನ ಟೇಬಲ್ ಇದ್ದ ಹಾಗೇ ಇದೆ. ನೀನು ಅದರ ಯೋಚನೆ ಬಿಟ್ಟು ಓದು. ಅಂಕ ಒಂದರಲ್ಲಿ ಕಡಿಮೆ ಬಂದರೆ ಬರಲಿ. ಮೆರಿಟ್‌ನಲ್ಲೇ ಸಿಗಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡು ಓದಿದರೆ ಸಿಕ್ಕೇ ಸಿಗುತ್ತದೆ. ಇದನ್ನು ಮಾತ್ರ ತಲೆಯಲ್ಲಿಟ್ಟುಕೋ.

ಕೆಲಸ ಸ್ವಲ್ಪ ಜಾಸ್ತಿ, ಹಾಗಾಗಿ ಚುಟುಕಾಗಿ ಬರೆದಿದ್ದೇನೆ.

ಅಪ್ಪ


ಮೈಸೂರು
ಏಪ್ರಿಲ್ 5, ಭಾನುವಾರ

ಅಪ್ಪಾ,

ಪರೀಕ್ಷೆ ಜೂನ್ 14ಕ್ಕೆ ಹೋಯಿತು. ನೀವೂ ನೋಡಿರುತ್ತೀರಿ. ಗುರುವಾರ ಫಿಸಿಕ್ಸ್ ಕ್ಲಾಸಿನ ಮಧ್ಯೆ ಬಂದು ಹೇಳಿದರು. ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಅತ್ತರು. ನಾನು ಎದ್ದು ಬಂದು ಹಸಿರು ಫೈಲ್ ತೆಗೆದೆ. ಮೇ 6ರ ಟಿಕೆಟ್ ಈಗ ಯಾವ ಲೆಕ್ಕಕ್ಕೂ ಇಲ್ಲ. ಜೂನ್ 14ರವರೆಗೆ ಇಲ್ಲೇ ಇದ್ದರೆ ಮೇ 19 ದಾಟಿಹೋಗುತ್ತದೆ.

ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ಮಕ್ಕಳೂ ಮಾಡುವ ಹಾಗೆ ನಾನೂ ಎರಡು ದಿನ ಬಂದು, ಏರ್‌ಪೋರ್ಟಿನಲ್ಲಿ ಸ್ಟ್ಯಾಂಪ್ ಹಾಕಿಸಿ, ಮನೆಯಲ್ಲಿ ಒಂದು ಊಟ ಮಾಡಿ ವಾಪಸ್ ಬರಲೇ? ಒಂದು ಮಾಕ್ ಟೆಸ್ಟ್ ತಪ್ಪುತ್ತದೆ, ತಪ್ಪಲಿ. ಇವತ್ತಿನ ಫೋನಿನಲ್ಲಿ ಇದನ್ನೇ ಕೇಳೋಣವೆಂದರೆ ಅಮ್ಮ ಅಳುತ್ತಿದ್ದಳು, ಏಕೆ ಎಂದರೆ ಹೇಳಲಿಲ್ಲ. ನೀವು "ನೋಡೋಣ" ಎಂದಿರಿ. ನೀವು ಯಾವತ್ತೂ ನೋಡೋಣ ಎನ್ನುವವರಲ್ಲ. ಹೊಸ ಕ್ಯಾಲೆಂಡರ್ ಮಾಡಿ, ದಿನಾಂಕ ಹಾಕಿ, ನಾನೇನು ಮಾಡಬೇಕೆಂದು ಹೇಳಿ. ಇದನ್ನು ರಶೀನಾ ಮೇಡಂ ಫೋಟೋ ತೆಗೆದು ನಿಮಗೆ ಕಳಿಸುತ್ತಾರೆ. ಅಷ್ಟು ಗೋಗರೆದಿದ್ದೇನೆ.

ಶ್ರಾವಣಿ


ಫರ್ವಾನಿಯಾ
ಏಪ್ರಿಲ್ 8, ಬುಧವಾರ

ಪುಟ್ಟೀ,

ಬರಬೇಡ. ಪರೀಕ್ಷೆಗೆ ಇನ್ನೂ ಎರಡು ತಿಂಗಳು ಸಿಕ್ಕಿತೆಂದುಕೊಂಡು ಓದು. ವಿಮಾನ, ಸ್ಟ್ಯಾಂಪು, ಓಡಾಟ ಯಾವುದೂ ಬೇಡ. ಮೇ 19ರ ಮಾತು ಬಿಡು. ಆ ಇಕಾಮಾ ಒಂದು ಪ್ಲಾಸ್ಟಿಕ್ ಕಾರ್ಡು, ಹೋದರೆ ಹೋಗಲಿ.

ನಿನ್ನಮ್ಮನಿಗೆ ನೆಗಡಿ, ಅಳು ಅಲ್ಲ.

ಅಪ್ಪ


ಮೈಸೂರು
ಏಪ್ರಿಲ್ 19, ಭಾನುವಾರ

ಅಪ್ಪಾ,

ಈಸ್ಟರ್‌ಗೆ ಊರಿಗೆ ಬಂದಿರುವ ನೈಜೆಲಣ್ಣನಿಗೆ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಫೋಟೋದಲ್ಲಿ ಕಳಿಸುವ ಕಾಗದವಲ್ಲ ಇದು.

ಐದು ತಿಂಗಳು ಪ್ರತಿ ವಾರ ಮೇ 19, ಮೇ 19 ಎಂದು ತಲೆ ತಿಂದವರು ಒಂದೇ ದಿನ ಅದು ಪ್ಲಾಸ್ಟಿಕ್ ಕಾರ್ಡು ಎಂದುಬಿಟ್ಟಿರಿ. ನಿಮ್ಮ ನಾಲ್ಕು ಸಾಲು ಓದಿ ನನಗೆ ಎಷ್ಟು ಕೋಪ ಬಂತೆಂದರೆ ಅಲಿಶಾ ಮೇಲೆ ರೇಗಿದೆ, ಆಮೇಲೆ ಬಾತ್‌ರೂಮಿನಲ್ಲಿ ಅತ್ತೆ. ನಾನು ಹೊರಟುಹೋದ ಮೇಲೆ ಮನೆಯಲ್ಲಿ ನಿಮ್ಮಿಬ್ಬರಿಗೂ ಆರಾಮವಾಗಿದೆಯೇ? ನನ್ನ ರೂಮನ್ನು ಯಾರಿಗಾದರೂ ಬಾಡಿಗೆಗೆ ಕೊಟ್ಟಿದ್ದೀರಾ? ಮಗಳು ಬರುತ್ತೇನೆ ಎಂದರೆ ಬೇಡ ಎನ್ನುವ ಅಪ್ಪ ನೀವಲ್ಲ. ಏನಾಗಿದೆ ನಿಮಗೆ?

ಇರಲಿ. ಹೋದ ಭಾನುವಾರ ನಾನು ಒಟಿಪಿ ಕೇಳಿದೆನಲ್ಲ, ಅರ್ಜಿಯ ಫೋಟೋದಲ್ಲಿ ಎಡಗಿವಿ ಕಾಣುತ್ತಿಲ್ಲ, ತಿದ್ದಬೇಕು ಎಂದಿದ್ದೆ. ಸುಳ್ಳು. ನನ್ನ ಎರಡು ಕಿವಿಯೂ ಚೆನ್ನಾಗಿಯೇ ಕಾಣುತ್ತಿವೆ. ಪರೀಕ್ಷೆಯ ದಿನ ಬದಲಾದ್ದರಿಂದ ಪರೀಕ್ಷೆ ಬರೆಯುವ ಊರನ್ನು ಬದಲಾಯಿಸಲು ಎರಡು ದಿನ ಅವಕಾಶ ಕೊಟ್ಟಿದ್ದರು. ನಾನು ಮೈಸೂರು ಅಳಿಸಿ ಕುವೈತ್ ಎಂದು ಹಾಕಿದೆ. ನೀವು ಓದಿಹೇಳಿದ ಆರು ಅಂಕಿಯಿಂದಲೇ ಅದಕ್ಕೆ ಬೀಗ ಬಿತ್ತು. ಇನ್ನು ಬದಲಾಯಿಸಲು ಬರುವುದಿಲ್ಲ.

ಸಿಲೆಬಸ್ ಮುಗಿದಿದೆ, ಉಳಿದದ್ದು ಬರೀ ಮಾಕ್ ಟೆಸ್ಟ್. ಪೇಪರುಗಳನ್ನು ಕಟ್ಟಿಕೊಡುತ್ತೇನೆ ಎಂದು ಮೇಡಂ ಒಪ್ಪಿದ್ದಾರೆ. ಮೇ 6ರ ಟಿಕೆಟ್ ಫೈಲಿನಲ್ಲಿದೆ. ಅದೇ ವಿಮಾನಕ್ಕೆ ಬರುತ್ತೇನೆ, ಮೇ 19ರೊಳಗೆ ಇಳಿದ ಹಾಗೂ ಆಯಿತು. ನನ್ನ ಟೇಬಲ್ಲಿನಲ್ಲಿ ಒಂದು ತಿಂಗಳು ಕೂತು, ನನ್ನ ಊರಿನಲ್ಲಿ ಪರೀಕ್ಷೆ ಬರೆಯುತ್ತೇನೆ. ನೀವು ಕರೆಯದಿದ್ದರೆ ಬೇಡ.

ಶ್ರಾವಣಿ


ಫರ್ವಾನಿಯಾ
ಏಪ್ರಿಲ್ 28, ಮಂಗಳವಾರ

ಪುಟ್ಟೀ,

ಮಧ್ಯಾಹ್ನ ಹಾಸ್ಟೆಲ್ಲಿಗೆ ಫೋನ್ ಮಾಡಿ ನಿನಗೆ "ಬಾ" ಎಂದಷ್ಟೇ ಹೇಳಿದೆ. ಇದನ್ನು ಫೋಟೋ ತೆಗೆದು ಮೇಡಂಗೆ ಕಳಿಸುತ್ತಿದ್ದೇನೆ, ಅವರೂ ಓದಿಕೊಳ್ಳಲಿ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ.

ರಾಯ್‌ನ ಶೋರೂಮ್ ಮುಚ್ಚುತ್ತಿದೆ. ಈದ್‌ಗೆ ಮೊದಲೇ ಹೇಳಿದರು. ನನ್ನ ಕೊನೆಯ ದಿನ ಮೇ ಅಂತ್ಯಕ್ಕಿತ್ತು. ಐವತ್ತೆಂಟರ ಮುದುಕನಿಗೆ ಇಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ, ಎರಡು ಕಡೆ ಕೇಳಿ ಸುಮ್ಮನಾದೆ. ನಿನ್ನ ಪರೀಕ್ಷೆ ಮುಗಿಯುವ ತನಕ ಹೇಳಕೂಡದು ಎಂದು ನಿನ್ನಮ್ಮನಿಂದ ಆಣೆ ಮಾಡಿಸಿದೆ. ಅವಳಿಗೆ ಇದ್ದದ್ದು ನೆಗಡಿಯಲ್ಲ. ಪರೀಕ್ಷೆ ಜೂನ್‌ಗೆ ಹೋದಾಗ ನನಗೆ ಒಂದು ಉಪಾಯ ಹೊಳೆಯಿತು. ಅಷ್ಟು ದಿನ ಇಲ್ಲಿ ಕೂತು ಏನು ಮಾಡುವುದು, ಬೇಗ ಎಲ್ಲ ಮುಗಿಸಿ ನಿನ್ನ ಹಾಸ್ಟೆಲಿನ ಹತ್ತಿರವೇ ಒಂದು ರೂಮು ಹಿಡಿಯೋಣ, ಎರಡು ತಿಂಗಳು ಮಗಳಿಗೆ ಮನೆಯ ಸಾರು ಕೊಡೋಣ, ಪರೀಕ್ಷೆಯ ದಿನ ಮೈಸೂರಿನ ಗೇಟಿನ ಹತ್ತಿರ ನಿಂತು ನಿನ್ನನ್ನು ಬೆಚ್ಚಿಬೀಳಿಸೋಣ ಎಂದುಕೊಂಡೆ. ಅದಕ್ಕೇ ಬರಬೇಡ ಎಂದು ಬರೆದದ್ದು. ನೀನು ಬರುವ ಮನೆಯನ್ನೇ ನಾನು ಖಾಲಿ ಮಾಡುತ್ತಿದ್ದೆ.

ನಮ್ಮ ಕಂಪನಿಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಸ್ಯಾಮುವೆಲ್ ನಿನಗೆ ಗೊತ್ತಲ್ಲ. ಅವನು ಹೋದ ವಾರ, "ಸಾರ್, ಮೊದಲು ಮಗಳದ್ದು ಕ್ಯಾನ್ಸಲ್ ಮಾಡುವ, ಆಮೇಲೆ ಮೇಡಂದು, ಕೊನೆಗೆ ನಿಮ್ದು" ಎಂದ. ನಾನೇ ನಿನ್ನ ಕಾಗದಗಳಿಗೆ ಸಹಿ ಹಾಕಿ ಅವನ ಕೈಗೆ ಕೊಟ್ಟೆ. ಕ್ಯಾನ್ಸಲ್ ಮಾಡಿಸುವುದು ಇವತ್ತು ಬೆಳಿಗ್ಗೆ ಎಂದು ಗೊತ್ತುಮಾಡಿದ್ದೆವು.

ಬೆಳಿಗ್ಗೆ ಏಳೂವರೆಗೆ ನೈಜೆಲ್ ಬಾಗಿಲು ತಟ್ಟಿದ. ನಿನ್ನೆ ವಿಮಾನ ತಡವಾಯಿತಂತೆ. ಚಹಾ ಕುಡಿಯುತ್ತಾ ನಿನ್ನ ಕಾಗದ ಒಡೆದೆ. ಎಡಗಿವಿಯ ವಿಷಯ ಬಂದಾಗ ನಕ್ಕೆ. ಮುಂದಿನ ಸಾಲು ಓದಿದವನೇ ಚಹಾದ ಲೋಟ ಇಟ್ಟು ಫೋನ್ ಹಿಡಿದೆ. ಸ್ಯಾಮುವೆಲ್‌ಗೆ ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಟ್ಯಾಕ್ಸಿ ಹಿಡಿದು ರೆಸಿಡೆನ್ಸಿ ಆಫೀಸಿಗೆ ಓಡಿದೆ. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ, ಸೀಲು ಬಿದ್ದಿದ್ದರೆ ನೀನು ಮೈಸೂರಿನಲ್ಲಿ, ನಿನ್ನ ಪರೀಕ್ಷೆ ಕುವೈತ್‌ನಲ್ಲಿ, ನಡುವೆ ನಿನ್ನಪ್ಪನ ಸಹಿ. ಮೊಣಕಾಲಿನ ನೆನಪೇ ಆಗಲಿಲ್ಲ.

ಅವನು ಮೂರನೇ ಸಾಲಿನ ಕುರ್ಚಿಯಲ್ಲಿ ಟೋಕನ್ ಹಿಡಿದು ತೂಕಡಿಸುತ್ತಾ ಕೂತಿದ್ದ. ಅವನದು 71. ಗೋಡೆಯ ಮೇಲೆ 69 ಎಂದು ಕೆಂಪಗೆ ಉರಿಯುತ್ತಿತ್ತು.

"ಎಂತ ಸಾರ್, ಓಡಿಕೊಂಡು ಬಂದದ್ದು? ಇನ್ನು ಎರಡೇ ನಂಬರ್ ಉಂಟು."

"ಕೊಡು ಇಲ್ಲಿ ಆ ಕಾಗದ."

"ಕ್ಯಾನ್ಸಲ್ ಮಾಡುದು ಬೇಡ್ವಾ?"

"ಬೇಡ ಮಾರಾಯ. ಮಗಳು ಬರ್ತಿದ್ದಾಳೆ."

ಕಾಗದ ಇಸಿದುಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತೆ. ಸುಳ್ಳೇಕೆ, ಸ್ವಲ್ಪ ಅತ್ತೆ. ಸ್ಯಾಮುವೆಲ್ ನೀರು ತಂದುಕೊಟ್ಟ. ಅಲ್ಲಿಂದ ನೇರ ನಮ್ಮ ಕಫೀಲ್, ಶೋರೂಮಿನ ಮಾಲೀಕರ ಹತ್ತಿರ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಅವರ ಬಳಿ ನಾನು ಏನನ್ನೂ ಕೇಳಿದವನಲ್ಲ. ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ಮಗಳು, ಪರೀಕ್ಷೆ, ಒಂದು ತಿಂಗಳು ಎಂದೆ. "ಡಾಕ್ಟರ್?" ಎಂದು ಕೇಳಿದರು. ಇನ್‌ಶಾ ಅಲ್ಲಾ ಎಂದೆ. "ಖಲಾಸ್. ಜೂನ್ ಮೂವತ್ತು" ಎಂದು ನನ್ನ ಕೊನೆಯ ದಿನವನ್ನು ಮುಂದಕ್ಕೆ ಹಾಕಿದರು. ಮನೆ ಮಾಲೀಕನೂ ಅಲ್ಲಿಯ ತನಕ ಇರಲು ಒಪ್ಪಿದ್ದಾನೆ.

ಇನ್ನೊಂದು ವಿಷಯ. ಮಾರ್ಚ್‌ನಲ್ಲಿ ಟೇಬಲ್ ಇದ್ದ ಹಾಗೇ ಇದೆ ಎಂದು ಬರೆದಾಗ ಅದು ನಿಜವೇ ಆಗಿತ್ತು. ಈಗ ಇಲ್ಲ. ಸೋಫಾ, ಮಂಚ, ನಿನ್ನ ಟೇಬಲ್ ಎಲ್ಲ ಹದಿನೈದು ದಿನದ ಹಿಂದೆ ಹೋದವು. ಟೇಬಲ್ ಫಿಂಟಾಸ್‌ನ ಒಂದು ಮನೆಗೆ ಹೋಯಿತು, ಅಲ್ಲಿ ಒಂದನೇ ಕ್ಲಾಸಿನ ಮಗು ಇದೆ. ಕೆಳಗಿನ ಅ ಆ ಇ ಈ ಅಳಿಸಬೇಡಿ ಎಂದು ಹೇಳಿದ್ದೇನೆ. ಕ್ಷಮಿಸು. ಎಲ್ಲವನ್ನೂ ಒಂದೊಂದಾಗಿ ಕ್ಯಾನ್ಸಲ್ ಮಾಡಿದ ನಾನು, ಮೇ 6ರ ಆ ಟಿಕೆಟನ್ನು ಮಾತ್ರ ಯಾಕೋ ಮುಟ್ಟಿರಲಿಲ್ಲ. ನಾಳೆ ಮಾಡೋಣ, ನಾಳೆ ಮಾಡೋಣ ಎಂದು ಬಿಟ್ಟಿದ್ದೆ.

ಅಪ್ಪ


ಮೈಸೂರು
ಮೇ 3, ಭಾನುವಾರ

ಅಪ್ಪಾ,

ಇವತ್ತು ನಡೆಯಬೇಕಿದ್ದ ಪರೀಕ್ಷೆ ನಡೆಯಲಿಲ್ಲ. ಹಾಸ್ಟೆಲಿನಲ್ಲಿ ಎಲ್ಲರೂ ಮಾಕ್ ಟೆಸ್ಟ್ ಬರೆದೆವು. ನಿಮ್ಮ ಕಾಗದವನ್ನು ರಶೀನಾ ಮೇಡಂ ನನಗೆ ಕೊಡುವ ಮೊದಲು ತಾವೇ ಎರಡು ಸಲ ಓದಿದ್ದಾರೆ. ಅವರು ನಿಮ್ಮನ್ನು "ಆ 71ನೇ ನಂಬರಿನವರು" ಎನ್ನುತ್ತಾರೆ.

ನಿಮ್ಮ ಮೇಲೆ ಇನ್ನೂ ಕೋಪವಿದೆ. ಕೆಲಸ ಹೋದದ್ದಕ್ಕಲ್ಲ, ಒಬ್ಬರೇ ಇಟ್ಟುಕೊಂಡದ್ದಕ್ಕೆ. ರೂಮನ್ನು ಬಾಡಿಗೆಗೆ ಕೊಟ್ಟಿರಾ ಎಂದು ಬರೆದದ್ದನ್ನು ನೆನೆದರೆ ನನ್ನ ಮೇಲೂ ಕೋಪ ಬರುತ್ತದೆ. ಟೇಬಲ್ ಹೋದರೆ ಹೋಗಲಿ, ನೆಲ ಇದೆಯಲ್ಲ. ಬುಧವಾರ ಬರುತ್ತೇನೆ. ಏರ್‌ಪೋರ್ಟಿಗೆ ಇಬ್ಬರೂ ಬನ್ನಿ.

ಶ್ರಾವಣಿ


ಫರ್ವಾನಿಯಾ, ಶಾಲೆಯ ಗೇಟಿನ ಹೊರಗೆ
ಜೂನ್ 14, ಭಾನುವಾರ, ಬೆಳಿಗ್ಗೆ 11.40

ಪುಟ್ಟೀ,

ನೀನು ಒಳಗೆ ಹೋಗಿ ಒಂದೂವರೆ ಗಂಟೆಯಾಯಿತು, ಪೇಪರ್ ಕೊಟ್ಟು ಹತ್ತು ನಿಮಿಷ. ನಾನು ಕ್ಲಾರಾ ಆಂಟಿಯ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತಿದ್ದೇನೆ. ನಿನ್ನಮ್ಮ ಎದುರಿನ ಬಕಾಲಾ ಅಂಗಡಿಯವನ ಸ್ಟೂಲಿನಲ್ಲಿ ಕೂತು ಅವನಿಗೆ ನಿನ್ನ ಜಾತಕ ಹೇಳುತ್ತಿದ್ದಾಳೆ. ಹೊರಗೆ ನಲವತ್ತಾರು ಡಿಗ್ರಿ. ಅಡುಗೆಮನೆಯ ಕ್ಯಾಲೆಂಡರಿನಿಂದ ಜೂನ್ ಹಾಳೆ ಹರಿದು ತಂದಿದ್ದೆ, ಅದರ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ.

ಒಂದು ತಿಂಗಳು ಒಂದೇ ಮನೆಯಲ್ಲಿದ್ದೂ ನಿನಗೆ ಕಾಗದ ಬರೆಯುವ ಸಂದರ್ಭ ಬರಲಿಲ್ಲ. ಖಾಲಿ ಹಾಲಿನಲ್ಲಿ ಕಂಪ್ರೆಸರಿನ ರಟ್ಟಿನ ಪೆಟ್ಟಿಗೆ ಮಗುಚಿ ಹಾಕಿ ನೀನು ಓದುತ್ತಿದ್ದೆ. ನೀನು ಉಗುರು ಕಚ್ಚಿದರೆ ಆ ಖಾಲಿ ಮನೆಯಲ್ಲಿ ಅದೂ ಕೇಳಿಸುತ್ತಿತ್ತು. ನಾನು ಎಷ್ಟೋ ಸಲ ಒಂದು ಮಾತು ಹೇಳಲು ನಿನ್ನ ಹತ್ತಿರ ಬಂದು, ಬೇಕಾ ಚಹಾ ಎಂದು ಕೇಳಿ ಹೋಗಿದ್ದೇನೆ. ನೀನು ದಿನಕ್ಕೆ ಎಂಟು ಲೋಟ ಚಹಾ ಕುಡಿದದ್ದು ಅದರಿಂದಲೇ. ಈಗ ನೀನು ಒಳಗಿದ್ದೀಯ, ನಾನು ಏನು ಬರೆದರೂ ನಿನ್ನ ಪರೀಕ್ಷೆ ಕೆಡುವುದಿಲ್ಲ.

ಎನ್‌ಆರ್‌ಐ ಸೀಟು ಇಲ್ಲ ಪುಟ್ಟಿ. ಪರೀಕ್ಷೆ ಮೇ ತಿಂಗಳಲ್ಲೇ ಆಗಿದ್ದರೆ ಜೂನ್‌ನಲ್ಲಿ ಅರ್ಜಿ ಹಾಕುತ್ತಿದ್ದೆವು, ಇಲ್ಲಿಯ ನನ್ನ ಕಾಗದಗಳಿಗೆ ಆಗ ಇನ್ನೂ ಜೀವವಿರುವಂತೆ ಹೇಗಾದರೂ ಮಾಡುತ್ತಿದ್ದೆ. ಪರೀಕ್ಷೆ ಆರು ವಾರ ತಡವಾದ್ದರಿಂದ ಅರ್ಜಿ ಜುಲೈ ಕೊನೆಗೆ ಹೋಗುತ್ತದೆ. ಜೂನ್ 30ಕ್ಕೆ ನಾನು ಅನಿವಾಸಿಯೂ ಅಲ್ಲ, ನೌಕರನೂ ಅಲ್ಲ. ಮಾರ್ಚ್‌ನಿಂದ ಈ ಭಯವನ್ನು ಎದೆಯೊಳಗೆ ಇಟ್ಟುಕೊಂಡು ತಿರುಗಿದ್ದೇನೆ. ಸಿಗದಿದ್ದರೆ ನಾನಿದ್ದೇನೆ ಎಂದು ನಿನಗೆ ಮೊದಲ ಕಾಗದದಲ್ಲೇ ಮಾತು ಕೊಟ್ಟಿದ್ದೆ. ಈಗ ಸಿಗದಿದ್ದರೆ ಏನು ಎನ್ನುವುದಕ್ಕೆ ನನ್ನ ಬಳಿ ಉತ್ತರವಿಲ್ಲ. ದಿನಾಂಕಗಳನ್ನು ನನಗೆ ಬಿಡು ಎಂದಿದ್ದೆನಲ್ಲ, ಮುಖ್ಯವಾದದ್ದೊಂದನ್ನೇ ತಪ್ಪಿಸಿಬಿಟ್ಟೆ. ಬೈಯುವುದಿದ್ದರೆ ಮನೆಗೆ ಹೋದ ಮೇಲೆ ಬೈ, ಅಮ್ಮನ ಮುಂದೆ ಬೇಡ.

ಎರಡೂವರೆಗೆ ಬಿಡುತ್ತಾರೆ. ಅಲ್ಲಿಯ ತನಕ ನನಗೆ ಗೊತ್ತುಮಾಡುವ ಕೆಲಸ ಯಾವುದೂ ಇಲ್ಲ. ಸುಮ್ಮನೆ ಗೇಟು ನೋಡುತ್ತಿದ್ದೇನೆ.

ಅಪ್ಪ


ಅದೇ ಹಾಳೆ, ಮುಂಬದಿ, ಜೂನ್ ತಿಂಗಳ ಚೌಕಗಳ ಮೇಲೆ
3.15, ಕಾರಿನ ಹಿಂದಿನ ಸೀಟು

ಅಪ್ಪಾ,

ಓದಿದೆ. ನೀವು ಮುಂದೆ ಕೂತು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದೀರಿ, ನನಗೆ ಕಾಣುತ್ತಿದೆ. ಬಾಯಿಬಿಟ್ಟು ಹೇಳೋಣವೆಂದರೆ ಅಮ್ಮ ಆಗಲೇ ಫಿಸಿಕ್ಸ್ ಎಷ್ಟು, ಬಯಾಲಜಿ ಎಷ್ಟು ಎಂದು ಶುರುಮಾಡಿದ್ದಾಳೆ. ಅದಕ್ಕೆ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ನೀವು ಫಿಂಟಾಸ್‌ನ ಟೆರೇಸಿನಿಂದ ಒಟಿಪಿ ಅರಚಿದಿರಲ್ಲ, ಆ ಅರ್ಜಿಯಲ್ಲಿ ಎನ್‌ಆರ್‌ಐ ಎಂದು ಒಂದು ಚೌಕವಿತ್ತು. ನಾನು ಅದನ್ನು ಮುಟ್ಟಲೇ ಇಲ್ಲ. ಗುರುತು ಹಾಕಿದೆಯಾ ಎಂದು ನೀವು ಕೇಳಿದಿರಿ, ಉತ್ತರ ಬರೆ ಎಂದಿರಿ, ನಾನು ಬರೆಯಲಿಲ್ಲ. ಅದಕ್ಕೆ ಗುರುತು ಹಾಕುವುದೆಂದರೆ ನೀವು ಇನ್ನೂ ಐದು ವರ್ಷ ಆ ಮೊಣಕಾಲು ಕಟ್ಟಿಕೊಂಡು ಬೇರೆಯವರ ಟೆರೇಸು ಹತ್ತುವುದು. ನನಗೆ ಅದು ಬೇಕಿರಲಿಲ್ಲ. ಹೇಳಿದರೆ ನೀವು ವಾದಕ್ಕೆ ನಿಲ್ಲುತ್ತೀರಿ, ಸೀಟು ಸಿಗದಿದ್ದರೆ ಏನು ಮಾಡುತ್ತೀಯ ಎನ್ನುತ್ತೀರಿ ಎಂದು ಸುಮ್ಮನಿದ್ದೆ. ನೀವು ಮಾರ್ಚ್‌ನಿಂದ ಹೊತ್ತು ತಿರುಗಿದ ಆ ಸೀಟು ಫೆಬ್ರವರಿಯಲ್ಲೇ ಹೋಗಿತ್ತು ಅಪ್ಪಾ. ಕಳೆದದ್ದು ನಾನು, ನೀವಲ್ಲ. ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ನೀವು ಇಷ್ಟು ದಿನ ನಿದ್ದೆ ಮಾಡುತ್ತಿದ್ದಿರಿ. ಅದಕ್ಕೆ ನನ್ನನ್ನು ಬೈಯಿರಿ, ಬೇಕಾದರೆ ಅಮ್ಮನ ಮುಂದೆಯೇ.

ಫಿಸಿಕ್ಸ್ ಕಷ್ಟವಿತ್ತು. ಬಯಾಲಜಿಯನ್ನು ಎರಡು ಸಲ ತಿರುವಿ ನೋಡಿದೆ. ಆ ಇಪ್ಪತ್ತೆಂಟು ಅಂಕ ಬರುತ್ತದೆ, ಅದರ ಮೇಲೆ ಸ್ವಲ್ಪ ಇನ್ನೂ ಬರಬಹುದು. ಜುಲೈ ಕೊನೆಗೆ ಮೆರಿಟ್ ಅರ್ಜಿ ನಾನೇ ತುಂಬುತ್ತೇನೆ. ಅದಕ್ಕೆ ಯಾರ ಇಕಾಮಾವೂ ಬೇಡ.

ಆದರೆ ಜೂನ್ 30ಕ್ಕೆ ಸ್ಯಾಮುವೆಲ್ ಅಂಕಲ್ ಎಲ್ಲವನ್ನೂ ಕ್ಯಾನ್ಸಲ್ ಮಾಡಿಸುವಾಗ, ನಿಮ್ಮ ಕುವೈತ್ ಫೋನ್ ನಂಬರನ್ನು ಮಾತ್ರ ಮುಟ್ಟಲು ಬಿಡಬೇಡಿ. ನನ್ನ ಒಟಿಪಿ ಅದಕ್ಕೇ ಬರುವುದು.

ಶ್ರಾವಣಿ